ಬೋರು ಎಷ್ಟು ಅಡಿ?

ಮನೆ ತೋರಿಸಲು ಬಂದಿದ್ದ ಏಜೆಂಟ್ ಹೆಂಗಸು ಅಡುಗೆಮನೆಯ ಗ್ರಾನೈಟ್ ಕಟ್ಟೆಯನ್ನು ಅಂಗೈಯಲ್ಲಿ ಸವರುತ್ತಾ ಅದರ ಗುಣಗಾನ ನಡೆಸಿದ್ದಳು. ನನ್ನ ಹೆಂಡತಿ ಕಿಟಕಿಯಾಚೆಯ ಬೆಟ್ಟಕ್ಕೆ ಆಗಲೇ ಮಾರುಹೋಗಿದ್ದಳು. ನಾನು ಕೇಳಿದೆ: ‘ಬೋರು ಎಷ್ಟು ಅಡಿ?’

ಆಕೆ ಕಟ್ಟೆಯಿಂದ ಕೈ ತೆಗೆದಳು. ಇಲ್ಲಿಗೆ ಮನೆ ನೋಡಲು ಬರುವವರು ಬೆಟ್ಟ ಯಾವ ಕೋಣೆಯಿಂದ ಕಾಣುತ್ತದೆ ಅಂತ ಕೇಳುತ್ತಾರಂತೆ. ಇಂಟರ್ನೆಟ್ ವೇಗ ಕೇಳುತ್ತಾರಂತೆ. ಸೈನ್ಯದಿಂದ ಬಂದವರಾದರೆ ಪಕ್ಕದ ಸೇನಾ ನೆಲೆಯ ಗೇಟಿಗೆ ಎಷ್ಟು ನಿಮಿಷ ಅಂತ ವಿಚಾರಿಸುತ್ತಾರಂತೆ. ಕಾಲಿಟ್ಟ ತಕ್ಷಣ ಬೋರು ಕೇಳಿದವನು ನಾನೇ ಮೊದಲಂತೆ. ಹಿರಿಯೂರು ಸೀಮೆಯಲ್ಲಿ ಹುಟ್ಟಿದವನ ಬಾಯಿಗೆ ಬೇರೆ ಪ್ರಶ್ನೆ ಬರುವುದಿಲ್ಲ ಅಂತ ಅವಳಿಗೆ ಹೇಗೆ ಹೇಳಲಿ? ವಿಚಾರಿಸಿ ತಿಳಿಸುತ್ತೇನೆ ಅಂದಳು.

ಊರಿನ ಹೆಸರು ಸಿಯೆರಾ ವಿಸ್ಟಾ. ಅಮೆರಿಕದ ಅರಿಜೋನಾ ರಾಜ್ಯದ ಆಗ್ನೇಯ ಮೂಲೆಯಲ್ಲಿದೆ. ಮೆಕ್ಸಿಕೋ ಗಡಿ ಕಾರಿನಲ್ಲಿ ಅರ್ಧ ಗಂಟೆ. 2020ರ ಜನಗಣತಿಯಲ್ಲಿ 45,308 ಜನ. ಅವರಲ್ಲಿ ಸಮವಸ್ತ್ರ ತೊಟ್ಟವರು, ತೊಟ್ಟು ಬಿಚ್ಚಿದವರು, ಅವರ ಮನೆಯವರು, ಇಷ್ಟನ್ನು ಕಳೆದರೆ ಉಳಿಯುವವರಲ್ಲಿ ನಮ್ಮಂಥ ತಲೆ ನರೆತವರೇ ಜಾಸ್ತಿ ಅಂತ ನೋಡಿದರೇ ಗೊತ್ತಾಗುತ್ತದೆ. ಸೂಪರ್ ಮಾರ್ಕೆಟ್ಟಿನ ಮುಂದೆ ನಿಂತ ಕಾರುಗಳಲ್ಲಿ ಒಂದರ ಹಿಂದೆ ಯಾವುದೋ ರೆಜಿಮೆಂಟಿನ ಸ್ಟಿಕ್ಕರ್, ಪಕ್ಕದ್ದರ ಹಿಂದೆ ಹಕ್ಕಿ ನೋಡುವವರ ಹಮ್ಮಿಂಗ್‌ಬರ್ಡ್ ಸ್ಟಿಕ್ಕರ್. ಊರಿನ ಎರಡು ಪಂಗಡಗಳನ್ನು ಹಾಗೆ ಲೆಕ್ಕ ಹಾಕಬಹುದು.

ಸ್ಯಾನ್ ಹೋಸೆಯಲ್ಲಿ ಇಪ್ಪತ್ತೆಂಟು ವರ್ಷ ಸಾಫ್ಟ್‌ವೇರ್ ಬರೆದು, ಇನ್ನು ಸಾಕು ಅನ್ನಿಸಿ, ಇರುವ ಮನೆ ಮಾರಿ ಎಲ್ಲಾದರೂ ಒಣ ಹವೆಯ, ಕಡಿಮೆ ಖರ್ಚಿನ ಕಡೆ ಹೋಗೋಣವೆಂದು ನಾವಿಬ್ಬರೂ ವರ್ಷದಿಂದ ನಕ್ಷೆ ಹರಡಿಕೊಂಡು ಕೂತಿದ್ದೇವೆ. ಮೈಸೂರು ಯಾಕಲ್ಲ ಅಂತ ಕೇಳುವವರಿಗೆ, ಮಗಳು, ಮೊಮ್ಮಗು ಅಮೆರಿಕದಲ್ಲೇ ಇದ್ದಾರೆ ಅನ್ನುವುದು ನಮ್ಮ ಉತ್ತರ. ಅರಿಜೋನಾ ಅಂದರೆ ಎಲ್ಲರೂ ಫೀನಿಕ್ಸ್ ಅನ್ನುತ್ತಾರೆ. 2023ರಲ್ಲಿ ಫೀನಿಕ್ಸ್‌ನಲ್ಲಿ ಒಂದಾದ ಮೇಲೊಂದು 31 ದಿನ ಬಿಸಿಲು 43 ಡಿಗ್ರಿ ದಾಟಿತ್ತು. ಆ ಕಾವಲಿಯ ಮೇಲೆ ದೋಸೆಯಾಗಲು ನಾವು ತಯಾರಿರಲಿಲ್ಲ. ಸಿಯೆರಾ ವಿಸ್ಟಾ ಇರುವುದು ಸಮುದ್ರಮಟ್ಟದಿಂದ ಸುಮಾರು 4,600 ಅಡಿ ಮೇಲೆ. ನಮ್ಮ ಬೆಂಗಳೂರು ಮೂರು ಸಾವಿರ ಅಡಿ ಅಂತ ನೆನಪಿಟ್ಟುಕೊಂಡರೆ ಅಂದಾಜಾಗುತ್ತದೆ. ಜೂನ್‌ನಲ್ಲಿ ಮೂವತ್ತೈದರ ಆಚೀಚೆ ಸುಟ್ಟರೂ ರಾತ್ರಿ ಕಿಟಕಿ ತೆಗೆದು ಮಲಗಬಹುದು. ಚಳಿಗಾಲದಲ್ಲಿ ಒಮ್ಮೊಮ್ಮೆ ಹಿಮವೂ ಬೀಳುತ್ತದೆ. ಮರುಭೂಮಿ ಅಂದರೆ ಕೈಯೆತ್ತಿ ನಿಂತ ಎತ್ತರದ ಕಳ್ಳಿ ಅಂತ ಸಿನಿಮಾ ನೋಡಿ ನಂಬಿದವರಿಗೆ ಇಲ್ಲಿ ನಿರಾಶೆ. ಆ ಸಗ್ವಾರೊ ಕಳ್ಳಿಗೆ ಇಲ್ಲಿನ ಚಳಿ ತಡೆಯದು. ಇಲ್ಲಿರುವುದು ಹಳದಿ ಹುಲ್ಲು, ಜಾಲಿಯ ನೆಂಟನಾದ ಮೆಸ್ಕೀಟ್ ಮುಳ್ಳುಗಿಡ, ಮತ್ತೆ ಹುಲ್ಲು. ಮೊದಲ ದಿನ ಕಾರಿಂದ ಇಳಿದಾಗ ಚಳ್ಳಕೆರೆ ರಸ್ತೆಯಲ್ಲಿ ಟೀ ಕುಡಿಯಲು ನಿಂತ ಹಾಗಾಯಿತು.

ಆ ಹೋಲಿಕೆ ಬರೀ ಹುಲ್ಲಿನದಲ್ಲ. ಚಳ್ಳಕೆರೆಯ ಅಮೃತಮಹಲ್ ಕಾವಲಿನಲ್ಲಿ 2017ರಲ್ಲಿ ರಕ್ಷಣಾ ಇಲಾಖೆಯ ವಿಮಾನ ಪರೀಕ್ಷಾ ವಲಯ ಶುರುವಾಯಿತಲ್ಲ, ಪೈಲಟ್ ಇಲ್ಲದ ವಿಮಾನ ಹಾರಿಸಿ ನೋಡಲು? ಇಲ್ಲಿನ ಸೈನಿಕ ನೆಲೆಯಲ್ಲೂ ಡ್ರೋನ್‌ಗಳದ್ದೇ ಸದ್ದು. ಬಯಲು, ಒಣ ಆಕಾಶ, ಕಡಿಮೆ ಜನ. ಸೇನೆಗಳಿಗೆ ಎಲ್ಲಾ ದೇಶದಲ್ಲೂ ಒಂದೇ ತರದ ಜಾಗ ಇಷ್ಟವಾಗುತ್ತದೆ.

ನೆಲೆಯ ಹೆಸರು ಫೋರ್ಟ್ ವಾಚೂಕಾ. ಬೆನ್ನಿಗಿರುವ ಬೆಟ್ಟಸಾಲಿನದೂ ಅದೇ ಹೆಸರು. ‘ಗುಡುಗಿನ ಜಾಗ’ ಅಂತ ಅರ್ಥ ಹೇಳುತ್ತಾರೆ. 1877ರಲ್ಲಿ ಅಪಾಚೆ ಆದಿವಾಸಿಗಳ ಮೇಲೆ ಕಣ್ಣಿಡಲು ಹಾಕಿದ ಶಿಬಿರ ಇದು. ಅವರ ನಾಯಕ ಜೆರೋನಿಮೋನನ್ನು ಅಟ್ಟಿಸಿಕೊಂಡು ಹೋದ ಪಡೆಗಳಿಗೆ 1886ರಲ್ಲಿ ಇದೇ ಮುಖ್ಯ ನೆಲೆ. ಆಮೇಲೆ ಬಹಳ ಕಾಲ ಕಪ್ಪು ಸೈನಿಕರ ಪಡೆಗಳನ್ನು ಇಲ್ಲಿಟ್ಟರು. ಎರಡನೇ ಮಹಾಯುದ್ಧದಲ್ಲಿ ಎರಡು ಇಡೀ ಕಪ್ಪು ಡಿವಿಷನ್‌ಗಳು ಇಲ್ಲಿ ತರಬೇತಾದವು. ಕಪ್ಪು ಅಧಿಕಾರಿಗಳು ಬಿಳಿಯರ ಕ್ಲಬ್ಬಿಗೆ ಹೋಗುವಂತಿರಲಿಲ್ಲ. ಅವರಿಗೆಂದೇ 1942ರಲ್ಲಿ ಮರದ ಬೇರೆ ಕ್ಲಬ್ ಕಟ್ಟಿದರು. ಅದು ಇವತ್ತಿಗೂ ನಿಂತಿದೆ. ಯುದ್ಧ ಮುಗಿದ ಮೇಲೆ ಕೋಟೆಗೆ ಬೀಗ ಬಿತ್ತು, ತೆರೆಯಿತು, ಮತ್ತೆ ಬಿತ್ತು. 1954ರಲ್ಲಿ ಎಲೆಕ್ಟ್ರಾನಿಕ್ ಉಪಕರಣಗಳ ಪರೀಕ್ಷೆಗೆಂದು ತೆಗೆದದ್ದು ಆಮೇಲೆ ಮುಚ್ಚಲಿಲ್ಲ. ಸುತ್ತಲಿನ ಬೆಟ್ಟಗಳು ಹೊರಗಿನ ರೇಡಿಯೋ ಗದ್ದಲವನ್ನು ಒಳಗೆ ಬಿಡುವುದಿಲ್ಲ ಅನ್ನುವುದು ಜಾಗದ ದೊಡ್ಡ ಗುಣ. 1971ರಲ್ಲಿ ಸೇನೆಯ ಗುಪ್ತಚರ ಶಾಲೆ ಮೇರಿಲ್ಯಾಂಡಿನಿಂದ ಇಲ್ಲಿಗೆ ಬಂತು. ಗೇಟಿನ ಹೊರಗೆ ಬೆಳೆದಿದ್ದ ಫ್ರೈ ಅನ್ನುವ ಅಂಗಡಿಸಾಲು ಅಷ್ಟರಲ್ಲಿ, 1956ರಲ್ಲಿ, ಸಿಯೆರಾ ವಿಸ್ಟಾ ಅಂತ ಚೆಂದದ ಹೆಸರಿಟ್ಟುಕೊಂಡು ಊರಾಗಿತ್ತು.

ಮ್ಯೂಸಿಯಂ ನೋಡಲು ಪಾಸು ಮಾಡಿಸಿಕೊಂಡು ಒಂದು ಸಂಜೆ ಕೋಟೆಯೊಳಗೆ ಹೋಗಿದ್ದೆವು. ವಾಪಸು ಬರುವಾಗ ಧ್ವನಿವರ್ಧಕದಲ್ಲಿ ಕಹಳೆ ಕೇಳಿಸಿತು. ಧ್ವಜ ಇಳಿಸುವ ಹೊತ್ತು. ಮುಂದಿನ ಕಾರು ನಿಂತಿತು, ಅದರ ಮುಂದಿನದೂ ನಿಂತಿತು. ಸೈನಿಕ ಹುಡುಗಿಯೊಬ್ಬಳು ಬಾಗಿಲು ತೆಗೆದು ಇಳಿದು, ಕಾಣದ ಧ್ವಜದ ದಿಕ್ಕಿಗೆ ತಿರುಗಿ ಸೆಲ್ಯೂಟ್ ಹೊಡೆದು ನಿಂತಳು. ಅವಳ ಹಿಂದಿನ ಕಾರಿನ ನೆತ್ತಿಯ ಮೇಲೆ ಪಿಜ್ಜಾ ಅಂಗಡಿಯ ಬೋರ್ಡು. ಆ ಹುಡುಗನೂ ಇಳಿದು ಟೋಪಿ ತೆಗೆದ. ನಾವೂ ಇಳಿದೆವು. ಒಂದೆರಡು ನಿಮಿಷ ರಸ್ತೆಯೆಲ್ಲ ಬೊಂಬೆಯಂತೆ ನಿಂತು, ಮತ್ತೆ ಏನೂ ಆಗದ ಹಾಗೆ ಹೊರಟಿತು. ಪಿಜ್ಜಾ ಆರಿರಬೇಕು.

ಇಂಥ ಊರಿಗೆ ನಿವೃತ್ತ ಸೈನಿಕರು ಬಂದು ಸೇರುವುದಕ್ಕೆ ಭಾವುಕತೆಗಿಂತ ಕಾಸಿನ ಲೆಕ್ಕ ದೊಡ್ಡದು. ಇಪ್ಪತ್ತು ವರ್ಷ ಸೇವೆ ಮುಗಿಸಿದವನ ಗುರುತಿನ ಚೀಟಿ ಗೇಟು ತೆರೆಸುತ್ತದೆ. ಒಳಗಿನ ದಿನಸಿ ಅಂಗಡಿಯಲ್ಲಿ ಹೊರಗಿಗಿಂತ ಅಗ್ಗ. ಸೇನೆಯ ಚಿಕಿತ್ಸಾಲಯವಿದೆ, ಗ್ರಂಥಾಲಯವಿದೆ, ಜಿಮ್ ಇದೆ. ಸೇನಾ ಪಿಂಚಣಿಗೆ ಅರಿಜೋನಾ 2021ರಿಂದ ರಾಜ್ಯದ ಆದಾಯ ತೆರಿಗೆಯನ್ನು ಪೂರ್ತಿ ಬಿಟ್ಟಿದೆ. ನಮ್ಮ ಕೊಡಗಿನಲ್ಲೂ ಮನೆಗೊಬ್ಬ ನಿವೃತ್ತ ಯೋಧ ಇದ್ದಾನೆ. ಆದರೆ ಅವನು ತನ್ನ ಊರಿಗೆ, ತನ್ನ ತೋಟಕ್ಕೆ ಮರಳಿದವನು. ಇಲ್ಲಿರುವವರು ತಮ್ಮ ಊರಿಗೆ ಮರಳದೆ ಕೊನೆಯ ಪೋಸ್ಟಿಂಗಿನಲ್ಲೇ ಉಳಿದುಕೊಂಡವರು. ಜರ್ಮನಿಯಲ್ಲಿ, ಕೊರಿಯಾದಲ್ಲಿ ಡ್ಯೂಟಿ ಮಾಡುವಾಗ ಮದುವೆಯಾದವರು ಹೆಂಡತಿಯರನ್ನು ಕರೆತಂದರು. ಹಾಗಾಗಿ ಮರಳುಗಾಡಿನ ಈ ಸಣ್ಣ ಊರಿನಲ್ಲಿ ಜರ್ಮನ್ ತಿಂಡಿ, ಕೊರಿಯನ್ ಊಟ ಎರಡೂ ಸಿಗುತ್ತವೆ. ತೊಗರಿಬೇಳೆಗೆ ಮಾತ್ರ ಟೂಸಾನ್‌ಗೆ ಹೋಗಬೇಕು. ಒಂದೂಕಾಲು ಗಂಟೆ ದಾರಿ.

ನಮ್ಮಂಥವರಿಗೆ ಆ ಚೀಟಿ ಇಲ್ಲ. ಊರಿನ ಅಗ್ಗದಲ್ಲಿ ಅರ್ಧ ಗೇಟಿನೊಳಗಿದೆ ಅನ್ನುವುದು ಹೊರಗಿನವರಿಗೆ ಮೊದಲು ಹೊಳೆಯುವುದಿಲ್ಲ. 2023ರಿಂದ ರಾಜ್ಯದ ಆದಾಯ ತೆರಿಗೆ ಎಲ್ಲರಿಗೂ ಶೇ 2.5, ಸೋಷಿಯಲ್ ಸೆಕ್ಯುರಿಟಿ ಪಿಂಚಣಿಗೆ ರಾಜ್ಯ ಕೈ ಹಾಕುವುದಿಲ್ಲ. ಅಷ್ಟು ಲಾಭ ನಮಗೂ ಉಂಟು. ಊರಿನಲ್ಲಿ ಒಳ್ಳೆಯ ಆಸ್ಪತ್ರೆಯಿದೆ, 2015ರಲ್ಲಿ ಶುರುವಾದದ್ದು. ಆದರೆ ಕಾಯಿಲೆ ಸ್ವಲ್ಪ ತೊಡಕಿನದಾದರೆ ದಾರಿ ಮತ್ತೆ ಟೂಸಾನ್‌ಗೇ. ನಾನೇ ಕಾರು ಓಡಿಸುವಷ್ಟು ದಿನ ಅದು ದೂರವಲ್ಲ. ಎಪ್ಪತ್ತೆಂಟರಲ್ಲಿ, ಕಣ್ಣಿಗೆ ಪೊರೆ ಬಂದ ಮೇಲೆ? ಆ ಹೆದ್ದಾರಿಯಲ್ಲಿ ಗಡಿ ಕಾಯುವವರ ತಪಾಸಣಾ ಠಾಣೆಯೂ ಇದೆ. ನಿಲ್ಲಿಸಿ, ನೀವು ಅಮೆರಿಕನ್ ಪ್ರಜೆಗಳೇ ಅಂತ ಕೇಳಿದರು. ಹೌದು ಅಂದೆವು, ಹೋಗಿ ಅಂದರು. ಮುಂದಿನ ಸಲದಿಂದ ಹೆಂಡತಿ ಪಾಸ್‌ಪೋರ್ಟಿನ ಜೆರಾಕ್ಸ್ ಕೈಚೀಲದಲ್ಲಿ ಇಟ್ಟುಕೊಳ್ಳತೊಡಗಿದಳು.

ನಾವು ಹೋದದ್ದು ಜುಲೈನಲ್ಲಿ. ಅದು ಬುದ್ಧಿವಂತಿಕೆಯೋ ಪೆದ್ದುತನವೋ ಅಂತ ಈಗ ಅನುಮಾನ. ಯಾಕೆಂದರೆ ಜುಲೈ ಅಂದರೆ ಇಲ್ಲಿ ಮಾನ್ಸೂನು. ಹೌದು, ಅದೇ ಪದ. ಅರಬ್ಬಿ ನಾವಿಕರ ‘ಮೌಸಿಮ್’ ನಮ್ಮ ಕರಾವಳಿ ಮುಟ್ಟಿದ ಹಾಗೆಯೇ ಅರಿಜೋನಾದ ದನಗಾಹಿಗಳ ಬಾಯಿಗೂ ಬಂದಿದೆ. ಹವಾಮಾನ ಇಲಾಖೆ ಜೂನ್ 15ರಿಂದ ಸೆಪ್ಟೆಂಬರ್ 30ರವರೆಗೆ ಅಂತ ಗೆರೆ ಎಳೆದಿದೆ. ಮೇ, ಜೂನ್ ಪೂರ್ತಿ ನೆಲ ಕಾದು, ಗಾಳಿ ದಿಕ್ಕು ಬದಲಿಸಿ, ಕ್ಯಾಲಿಫೋರ್ನಿಯಾ ಕೊಲ್ಲಿಯಿಂದ, ಮೆಕ್ಸಿಕೋ ಕಡೆಯಿಂದ ತೇವ ಎಳೆದುಕೊಂಡು ಬರುತ್ತದೆ. ಬೆಳಿಗ್ಗೆ ಆಕಾಶದಲ್ಲಿ ಒಂದು ಚೂರು ಮೋಡ ಇರುವುದಿಲ್ಲ. ಹನ್ನೊಂದಕ್ಕೆ ಬೆಟ್ಟದ ತುದಿಯಲ್ಲಿ ಹತ್ತಿಯುಂಡೆಯಷ್ಟು ಕಾಣುತ್ತದೆ. ಎರಡು ಗಂಟೆಗೆ ಅದು ಕರಿ ಕೋಟೆ. ಮೂರಕ್ಕೆ ಗುಡುಗು. ಮೊದಲ ಹನಿ ಬೀಳುವ ಮುಂಚೆಯೇ ಗಾಳಿಯಲ್ಲಿ ಒಂದು ವಾಸನೆ ಬಂತು. ನಮ್ಮ ಕಡೆಯ ಮಣ್ಣಿನ ವಾಸನೆಯಲ್ಲ, ಸ್ವಲ್ಪ ಔಷಧಿ, ಸ್ವಲ್ಪ ಟಾರು. ಕ್ರಿಯೊಸೋಟ್ ಅನ್ನುವ ಪೊದೆಯ ಎಲೆ ನೆನೆದಾಗ ಬರುವ ವಾಸನೆ ಅದು. ಇಲ್ಲಿನವರು ಅದನ್ನು ಮೂಗಿನ ತುಂಬ ಎಳೆದುಕೊಂಡು ಕಣ್ಣು ಮುಚ್ಚುತ್ತಾರೆ. ವರ್ಷಕ್ಕೆ ಬೀಳುವುದೇ ಸುಮಾರು 350 ಮಿಲಿಮೀಟರ್. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಈ ಎರಡು-ಮೂರು ತಿಂಗಳ ಸಂಜೆಗಳಲ್ಲೇ ಸುರಿದು ಮುಗಿಯುತ್ತದೆ.

ಮಳೆ ನಿಂತ ಮೇಲೆ ರಸ್ತೆಗೆ ಅಡ್ಡ ಬರುವ ಒಣ ಹಳ್ಳಗಳಲ್ಲಿ ಕೆಂಪು ನೀರು ನುಗ್ಗುತ್ತದೆ. ತಡೆಗೋಲು ದಾಟಿ ಕಾರು ನುಗ್ಗಿಸಿ ಸಿಕ್ಕಿಹಾಕಿಕೊಂಡವರು ತಮ್ಮನ್ನು ಎತ್ತಿದ ಖರ್ಚನ್ನು ತಾವೇ ಕಟ್ಟಬೇಕು ಅಂತ ರಾಜ್ಯದಲ್ಲಿ ಕಾನೂನೇ ಇದೆ. ಜನ ಅದಕ್ಕಿಟ್ಟ ಹೆಸರು ‘ಪೆದ್ದ ಚಾಲಕರ ಕಾಯಿದೆ’. ಇಷ್ಟು ನೇರವಾಗಿ ಕರೆಸಿಕೊಂಡ ಕಾಯಿದೆ ನಮ್ಮಲ್ಲಿ ಯಾವುದೂ ಇದ್ದಂತಿಲ್ಲ.

ಇನ್ನು ಹೊಳೆ. ಊರಿನ ಪೂರ್ವಕ್ಕೆ ಹತ್ತು-ಹದಿನೈದು ಕಿಲೋಮೀಟರ್ ಹೋದರೆ ಹಳದಿ ಹುಲ್ಲಿನ ನಡುವೆ ಇದ್ದಕ್ಕಿದ್ದಂತೆ ಒಂದು ಹಸಿರು ಪಟ್ಟಿ. ಎತ್ತರದ ಕಾಟನ್‌ವುಡ್ ಮರಗಳು, ಅವುಗಳ ನೆರಳಲ್ಲಿ ಸ್ಯಾನ್ ಪೆಡ್ರೊ ಹೊಳೆ. ಮೆಕ್ಸಿಕೋದ ಸೊನೋರಾದಲ್ಲಿ ಹುಟ್ಟಿ ಉತ್ತರಕ್ಕೆ ಹರಿದು ಗೀಲಾ ನದಿ ಸೇರುತ್ತದೆ. ಅಮೆರಿಕದ ನೈಋತ್ಯದಲ್ಲಿ ಅಣೆಕಟ್ಟು ಬೀಳದೆ ಉಳಿದ ಕೆಲವೇ ನದಿಗಳಲ್ಲಿ ಇದೊಂದು. ನದಿ ಅಂತ ಕೇಳಿ ತುಂಗಭದ್ರೆಯನ್ನು ನೆನೆದುಕೊಂಡು ಹೋಗಬೇಡಿ. ನನ್ನ ಹೆಂಡತಿ ಸೀರೆಯ ನೆರಿಗೆ ಎತ್ತಿ ದಾಟಬಹುದು. ಆದರೆ ಮುನ್ನೂರಕ್ಕೂ ಹೆಚ್ಚು ಬಗೆಯ ಹಕ್ಕಿಗಳು ಈ ನೂಲಿನಂಥ ನೀರನ್ನು ನಂಬಿ ಬರುತ್ತವೆ. 1988ರಲ್ಲಿ ಅಮೆರಿಕದ ಸಂಸತ್ತು ಹೊಳೆಯ ಸುಮಾರು 40 ಮೈಲಿಯನ್ನು ಸಂರಕ್ಷಿತ ಪ್ರದೇಶ ಮಾಡಿತು. ದಡದ ಹತ್ತಿರ ಮರ್ರೆ ಸ್ಪ್ರಿಂಗ್ಸ್ ಅನ್ನುವಲ್ಲಿ 13,000 ವರ್ಷದ ಹಿಂದಿನ ಬೇಟೆಗಾರರ ಕಲ್ಲಿನ ಆಯುಧ, ಅವರು ಕೊಂದ ಪ್ರಾಣಿಗಳ ಮೂಳೆ ಸಿಕ್ಕಿವೆ. ಅಷ್ಟು ಹಿಂದಿನಿಂದ ಈ ಕಣಿವೆಗೆ ಯಾರೇ ಬಂದರೂ ನೀರಿನ ಗುರುತು ಹಿಡಿದೇ ಬಂದಿದ್ದಾರೆ.

ಬೇಸಿಗೆಯಲ್ಲಿ ಮಳೆಯಿಲ್ಲದಾಗಲೂ ಹೊಳೆ ಹರಿಯುವುದು ಹೇಗೆ? ಬೆಟ್ಟದ ಮೇಲೆ ಬಿದ್ದ ಮಳೆ, ಕರಗಿದ ಹಿಮ ಬುಡದಲ್ಲಿ ನೆಲಕ್ಕಿಳಿದು, ಮರಳು-ಜಲ್ಲಿಯ ಪದರಗಳಲ್ಲಿ ಪೂರ್ವಕ್ಕೆ ತೆವಳಿ, ಎಷ್ಟೋ ಕಾಲದ ಮೇಲೆ ಹೊಳೆಯ ತಳದಲ್ಲಿ ಜಿನುಗುತ್ತದೆ. ಬೆಟ್ಟ ಪಶ್ಚಿಮಕ್ಕೆ, ಹೊಳೆ ಪೂರ್ವಕ್ಕೆ. ನಡುವೆ ಯಾರಿದ್ದಾರೆ? ಕೋಟೆ, ಊರು, ಅವರ ಬೋರುಗಳು.

ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ಭೂವಿಜ್ಞಾನಿ ಬೇಕಿರಲಿಲ್ಲ. ನಮ್ಮ ತೋಟದ ಮೂಲೆಯಲ್ಲಿ ಅಜ್ಜ ತೋಡಿಸಿದ ತೆರೆದ ಬಾವಿಯಿತ್ತು. ಈಜು ಕಲಿತದ್ದು ಅದರಲ್ಲೇ. ಅಪ್ಪ ಮೊದಲ ಬೋರು ಹಾಕಿಸಿದ ದಿನ ನೀರು ಆಳೆತ್ತರ ಚಿಮ್ಮಿ, ಊರವರಿಗೆಲ್ಲ ಮಂಡಕ್ಕಿ ಹಂಚಿದ್ದೆವು. ನಾಲ್ಕನೇ ಬೇಸಿಗೆಗೆ ಬಾವಿಯ ತಳ ಕಂಡಿತು. ಪಕ್ಕದ ತೋಟದವರು ನಮ್ಮದಕ್ಕಿಂತ ಆಳಕ್ಕೆ ಕೊರೆಸಿದರು, ನಮ್ಮ ಬೋರು ಗಾಳಿ ಉಗುಳಿತು. ಬೋರಿನ ಸುತ್ತ ನೀರಿನ ಮಟ್ಟ ಬೋಗುಣಿಯ ಹಾಗೆ ಕುಸಿಯುತ್ತದೆ, ಹೆಚ್ಚು ಎತ್ತಿದಷ್ಟೂ ಬೋಗುಣಿಯ ಬಾಯಿ ಅಗಲವಾಗುತ್ತದೆ. ಸಿಯೆರಾ ವಿಸ್ಟಾ ಮತ್ತು ಕೋಟೆಯ ಕೆಳಗೆ ದಶಕಗಳಿಂದ ಅಂಥದ್ದೊಂದು ಬೋಗುಣಿ ಬೆಳೆದಿದೆ. ಬೆಟ್ಟದಿಂದ ಹೊಳೆಗೆ ಹೋಗಬೇಕಾದ ನೀರು ಅದರೊಳಕ್ಕೆ ಜಾರುತ್ತದೆ. 2005ರ ಜುಲೈನಲ್ಲಿ ಚಾರ್ಲ್ಸ್‌ಟನ್ ಎಂಬಲ್ಲಿ ಹೊಳೆಯ ಹರಿವಿನ ಮಾಪಕ ದಾಖಲೆಯಲ್ಲೇ ಮೊದಲ ಬಾರಿಗೆ ಸೊನ್ನೆ ತೋರಿಸಿತು.

ಕಾನೂನು ಏನು ಮಾಡುತ್ತಿತ್ತು ಅಂತ ಕೇಳಿದರೆ, ಅರಿಜೋನಾದ ಕಾನೂನಿಗೆ ಹೊಳೆಯ ನೀರು ಬೇರೆ, ನೆಲದೊಳಗಿನ ನೀರು ಬೇರೆ. ಎರಡೂ ಒಂದೇ ಅಂತ ನಮ್ಮೂರಿನ ದನ ಕಾಯುವ ಹುಡುಗ ಹೇಳಿಯಾನು. ಕಾನೂನಿಗೆ ಇನ್ನೂ ಪೂರ್ತಿ ಒಪ್ಪಿಗೆಯಾಗಿಲ್ಲ. 1980ರಲ್ಲಿ ಬಂದ ಅಂತರ್ಜಲ ಕಾಯಿದೆ ಫೀನಿಕ್ಸ್, ಟೂಸಾನ್‌ನಂಥ ಕಡೆ ಪಂಪಿಗೆ ಲಗಾಮು ಹಾಕಿತು. ಸಿಯೆರಾ ವಿಸ್ಟಾ ಅದರಾಚೆ ಉಳಿಯಿತು. 2005ರಲ್ಲಿ ರಾಜ್ಯ ಮತ್ತೆ ಪರಿಶೀಲಿಸಿ ಬೇಡ ಅಂದಿತು. ಇಲ್ಲಿ ಮನೆ ಬಳಕೆಗೆ ನಿಮಿಷಕ್ಕೆ 35 ಗ್ಯಾಲನ್‌ವರೆಗಿನ ಪಂಪು ಯಾರು ಬೇಕಾದರೂ ಇಳಿಸಬಹುದು. ಮೀಟರ್ ಓದಲು ಯಾರೂ ಬರುವುದಿಲ್ಲ. ಏಳು ಸಾವಿರ ಮನೆಗಳ ಬಡಾವಣೆಯೊಂದರ ಜಗಳ ರಾಜ್ಯದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಸಂರಕ್ಷಿತ ಪ್ರದೇಶ ಮಾಡಿದಾಗ ಹೊಳೆಗೆಂದು ಕಾದಿಟ್ಟ ನೀರು ಇಷ್ಟು ಅಂತ ಅಂಕಿ ಗೊತ್ತಾಗದ ಹೊರತು, ಬಡಾವಣೆಗೆ ನೀರಿದೆಯೇ ಅಂತ ನೋಡುವಾಗ ರಾಜ್ಯ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಿಲ್ಲ ಎಂದು 2018ರಲ್ಲಿ ತೀರ್ಪಾಯಿತು. ಆ ಅಂಕಿ ನ್ಯಾಯಾಲಯದಿಂದ ಹೊರಬರಲು 2023 ಆಯಿತು. 1988ರಲ್ಲಿ ಕೊಟ್ಟ ಮಾತಿಗೆ 35 ವರ್ಷದ ಮೇಲೆ ಅಳತೆ.

ಈ ಕಥೆಯಲ್ಲಿ ಕೋಟೆಯನ್ನು ಖಳನನ್ನಾಗಿ ಮಾಡುವುದು ಸುಲಭ. ನನಗೆ ಹಾಗನ್ನಿಸಲಿಲ್ಲ. ಅಳಿವಿನಂಚಿನ ಜೀವಿಗಳ ಕಾಯಿದೆ ಕೇಂದ್ರ ಸರ್ಕಾರದ ಸಂಸ್ಥೆಯ ಕೈ ಕಟ್ಟುತ್ತದೆ. ಹೊಳೆಯಂಚಿನಲ್ಲಿ ಬೆಳೆಯುವ, ಕೊತ್ತಂಬರಿ ಕಡ್ಡಿಗಿಂತ ಸಪೂರವಾದ ವಾಚೂಕಾ ವಾಟರ್ ಅಂಬೆಲ್ ಅನ್ನುವ ಗಿಡ 1997ರಲ್ಲಿ ಆ ಕಾಯಿದೆಯ ಪಟ್ಟಿಗೆ ಸೇರಿತು. ಆ ಕಡ್ಡಿ ಟ್ಯಾಂಕುಗಳಿಗಿಂತ ಬಲಶಾಲಿಯಾಯಿತು. ಮೊಕದ್ದಮೆಗಳ ಕಾಟಕ್ಕೆ, ನೀರಿನ ನೆಪದಲ್ಲಿ ನೆಲೆಯೇ ಎತ್ತಂಗಡಿಯಾದೀತು ಅನ್ನುವ ಭಯಕ್ಕೆ, ಕೋಟೆ ತಾನು ಎತ್ತುವ ನೀರನ್ನು 1989ರಿಂದೀಚೆಗೆ ಅರ್ಧಕ್ಕಿಂತ ಕಡಿಮೆ ಮಾಡಿಕೊಂಡಿದೆ. ನಗರವೂ 2002ರಿಂದ ಚರಂಡಿ ನೀರನ್ನು ಶುದ್ಧ ಮಾಡಿ ಹೊಳೆಯ ಕಡೆಯ ನೆಲಕ್ಕೆ ಇಂಗಿಸುತ್ತಿದೆ. ಒಟ್ಟು ಕಣಿವೆಯಲ್ಲಿ ನೀರನ್ನು ಕೊಡ ಕೊಡ ಎಣಿಸುವವರು ಹೆಚ್ಚಾಗಿ ಇವರಿಬ್ಬರೇ. ಎಣಿಸದವರು ಊರಾಚೆ ನಾಲ್ಕು ಎಕರೆ ಕೊಂಡು ಸ್ವಂತ ಬೋರು ಹಾಕಿಸಿಕೊಳ್ಳುವ, ಸೂರ್ಯಾಸ್ತ ಬೇಕೆನ್ನುವ, ನಮ್ಮಂಥ ನಿವೃತ್ತರು. ಸೈನಿಕ ಎರಡು-ಮೂರು ವರ್ಷಕ್ಕೆ ವರ್ಗವಾಗಿ ಹೋಗುತ್ತಾನೆ. ನಾವು ಇಪ್ಪತ್ತು ವರ್ಷ ಕೂತು ಸ್ನಾನ ಮಾಡುತ್ತೇವೆ.

ಪೂರ್ವದ ನೆರೆಯ ಕಣಿವೆಗಳಲ್ಲಿ, ವಿಲ್‌ಕಾಕ್ಸ್, ಡಗ್ಲಸ್ ಕಡೆ, ದೊಡ್ಡ ಜಮೀನುಗಳ ಪಂಪುಗಳ ಮುಂದೆ ಮನೆಯ ಬೋರುಗಳು ಬತ್ತಿದ್ದನ್ನು ಕಂಡು ಜನ 2022ರಲ್ಲಿ ಮತ ಹಾಕಿದರು. ಲಗಾಮು ಬೇಕು ಅಂತ ಡಗ್ಲಸ್, ಬೇಡ ಅಂತ ವಿಲ್‌ಕಾಕ್ಸ್. ಸರ್ಕಾರ ತನ್ನ ಬಾವಿಗೆ ಇಣುಕುವುದು ಈ ಸೀಮೆಯವರಿಗೆ ಬತ್ತಿದ ಬಾವಿಗಿಂತ ಕೆಟ್ಟದ್ದು ಅನ್ನಿಸುತ್ತದೆ. ಇದೂ ನಮಗೆ ಹೊಸದಲ್ಲ.

ಬೆಂಕಿಯ ಮಾತನ್ನೂ ಆಡಿಬಿಡಬೇಕು. ಹೆಂಡತಿ ಮೆಚ್ಚಿದ ಮನೆ ಬೆಟ್ಟದ ಬುಡದಲ್ಲಿತ್ತು. 2011ರ ಜೂನ್‌ನಲ್ಲಿ ಗಡಿಯ ಹತ್ತಿರ ಹೊತ್ತಿದ ಮಾನ್ಯುಮೆಂಟ್ ಕಾಳ್ಗಿಚ್ಚು ಸುಮಾರು 30 ಸಾವಿರ ಎಕರೆ ಸುಟ್ಟು, ಐವತ್ತಕ್ಕೂ ಹೆಚ್ಚು ಮನೆಗಳನ್ನು ನುಂಗಿತು. ಮುಂದಿನ ತಿಂಗಳು ಮಾನ್ಸೂನ್ ಬಂದಾಗ ಬೋಳು ಬೆಟ್ಟದಿಂದ ಬೂದಿ, ಬಂಡೆ, ಕೆಸರು ಇಳಿದು ಉಳಿದವರ ಅಂಗಳಕ್ಕೆ ಬಂತು. ವಿಮೆಯವರಿಗೆ ಅದೆಲ್ಲ ಚೆನ್ನಾಗಿ ನೆನಪಿದೆ.

ಹೊರಡುವ ಹಿಂದಿನ ದಿನ ಹೊಳೆದಂಡೆಯ ಹಾದಿಯಲ್ಲಿ ಒಬ್ಬ ನಿವೃತ್ತ ಸಾರ್ಜೆಂಟ್ ಸಿಕ್ಕ. ಕುತ್ತಿಗೆಯಲ್ಲಿ ಬೈನಾಕ್ಯುಲರ್. ಮೇಲೆ ಆಕಾಶದಲ್ಲಿ ಕೋಟೆಯ ರಡಾರ್ ಬಲೂನು, ಹಗ್ಗಕ್ಕೆ ಕಟ್ಟಿದ ಬಿಳಿ ತಿಮಿಂಗಿಲದಂತೆ ತೇಲುತ್ತಿತ್ತು. ಮನೆ ನೋಡಲು ಬಂದಿದ್ದೀರಾ ಅಂದ, ಹೌದು ಅಂದೆವು. ಜುಲೈನಲ್ಲಿ ನೋಡಬಾರದು, ಜುಲೈನಲ್ಲಿ ಎಲ್ಲರೂ ಕೊಂಡುಬಿಡುತ್ತಾರೆ ಅಂದ. ಪ್ರತಿ ವರ್ಷ ಜೂನ್ ಮೂರನೇ ಶನಿವಾರ, ಮಳೆಗೆ ಮುಂಚಿನ ಅತಿ ಒಣ ಹೊತ್ತಿನಲ್ಲಿ, ಊರವರು ಜಿಪಿಎಸ್ ಹಿಡಿದು ಹೊಳೆಯ ಪಾತ್ರದಲ್ಲೇ ನಡೆಯುತ್ತಾರಂತೆ. ನೀರು ಎಲ್ಲಿ ಶುರು, ಎಲ್ಲಿ ನಿಂತಿತು ಅಂತ ಗುರುತು ಹಾಕುವುದು, ಅಷ್ಟೇ ಕೆಲಸ. 1999ರಿಂದ ತಪ್ಪದೆ ನಡೆದಿದೆ. ತನ್ನ ಫೋನಿನಲ್ಲಿ ಆ ನಕ್ಷೆ ತೋರಿಸಿದ. ನೀಲಿ ಗೆರೆ, ತುಂಡು, ನೀಲಿ ಗೆರೆ, ಉದ್ದ ತುಂಡು. ತನ್ನ ಪಾಲಿನ ಎರಡು ಮೈಲಿಯನ್ನು ಬೆರಳಲ್ಲಿ ಮುಟ್ಟಿ ತೋರಿಸಿದ.

ನಾನು ಮನೆಗೆ ಬಂದು ನಮ್ಮ ಹಿರಿಯೂರಿನ ವಾಣಿವಿಲಾಸ ಸಾಗರದ ಫೋಟೋ ಹುಡುಕಿದೆ. 1933ರ ನಂತರ 2022ರಲ್ಲಿ ಕೋಡಿ ಬಿದ್ದಾಗ ತಮ್ಮ ಕಳಿಸಿದ್ದು. ನಮ್ಮ ಹೊಳೆ ವೇದಾವತಿಯಲ್ಲಿ ಅಷ್ಟು ನೀರು ನೋಡದೆಯೇ ಅಪ್ಪ ಹೋದ.

ಕಳೆದ ವಾರ ಏಜೆಂಟಳ ಸಂದೇಶ ಬಂತು. ರಾಜ್ಯದ ಜಲ ಇಲಾಖೆಯಲ್ಲಿ ಪ್ರತಿ ಬೋರಿಗೂ ದಾಖಲೆಯಿದೆ, ಯಾರು ಬೇಕಾದರೂ ನೋಡಬಹುದು. ಆ ಮನೆಯ ಬೋರು 420 ಅಡಿ. ಕೊರೆದ ದಿನ ನೀರು ಸಿಕ್ಕ ಮಟ್ಟವನ್ನೂ ಬರೆದಿದ್ದರು, ತಾರೀಖು 1996ರದು. ಈಗ ಎಷ್ಟರಲ್ಲಿದೆ ಅಂತ ಕೇಳಿದೆ. ಆಮೇಲೆ ಯಾರೂ ಅಳೆದಂತಿಲ್ಲ, ಆದರೆ ನಲ್ಲಿ ತಿರುಗಿಸಿದರೆ ನೀರು ಚೆನ್ನಾಗಿ ಬರುತ್ತದೆ, ನೀವೇ ನೋಡಿದ್ದೀರಲ್ಲ ಅಂತ ಉತ್ತರ.

ಹೆಂಡತಿ ಕ್ಯಾಲೆಂಡರಿನಲ್ಲಿ ಮುಂದಿನ ಜೂನ್‌ನ ಮೂರನೇ ಶನಿವಾರಕ್ಕೆ ಸುತ್ತು ಹಾಕಿದ್ದಾಳೆ. ಆವತ್ತಿಗೆ ರಬ್ಬರ್ ಬೂಟು ಕೊಳ್ಳಬೇಕೋ, ಇರುವ ಶೂ ಸಾಕೋ ಅಂತ ಸಾರ್ಜೆಂಟನಿಗೆ ಬರೆದು ಕೇಳು ಅಂದಿದ್ದಾಳೆ.